ಅವರು ಅಂದ್ರ ಯಾರು?

ಸಂಘಮಿತ್ರಾ ದೇಶ ಸುತ್ತಿದ ಕಾದಂಬರಿಕಾರ್ತಿ. ತಾಷ್ಕೆಂಟಿನಿಂದ ಲಿಸ್ಬನ್ ತನಕ ನೀರು ಕುಡಿದವಳು. ಜೀವನಚರಿತ್ರೆಗಳನ್ನೂ ಬರೆದಿದ್ದಳು, ಒಂದರಲ್ಲೂ ತಪ್ಪಿಲ್ಲವೆಂಬ ಜಂಬ ಬೇರೆ. ಈಗ ತನ್ನೂರು ಆಲಮೇಲದ ಕಡೆಯವರೇ ಆದ, ತೀರಿಹೋದ ಪರಮಾನಂದ ಮಾಸ್ತರರ ಬದುಕು ಬರೆದು ಮುಗಿಸಿದ್ದಳು. ಹೆಸರು, ‘ಹೊಳೆ ಈಜಿದ ಮಾಸ್ತರು’. ಸಿಂದಗಿಯ ಪ್ರೆಸ್ಸಿನವರು ಕಾದು ಕುಳಿತಿದ್ದರು.

ಅಚ್ಚಿಗೆ ಕೊಡುವ ಮೊದಲು ಮನೆಯವರಿಗೆ ಓದಿ ಹೇಳುವುದು ಅವಳ ಪದ್ಧತಿ. ಮಾಸ್ತರರ ಹೆಂಡತಿ ದುಂಡವ್ವ ಕಟ್ಟೆಯ ಮೇಲೆ ಕಾಲು ಚಾಚಿ, ಎಲೆಅಡಿಕೆ ಮೆಲ್ಲುತ್ತ ಕೇಳುತ್ತಿದ್ದಳು. ಸಂಗತಿಯೆಲ್ಲ ಆಕೆಯೇ ಹೇಳಿದ್ದು. ಮಾಸ್ತರರು ಶಾಲೆಯ ಕರಿಹಲಗೆ ತಲೆಮೇಲಿಟ್ಟುಕೊಂಡು ತುಂಬಿದ ಭೀಮೆಯನ್ನು ಈಜಿದ ಪುಟ ಬಂತು. ದುಂಡವ್ವ ನಗು ತಡೆಯಲಾರದೆ ಎಲೆ ಉಗುಳಿಬಿಟ್ಟಳು.

“ಏ ತಂಗಿ, ನಮ್ಮ ಮನ್ಯಾಗಿನವ್ರು ಹಂಡೇದಾಗಿನ ನೀರಿಗೂ ಅಂಜತಿದ್ರು!”

“ನೀವ ಹೇಳಿದ್ರಲ್ರಿ ಆಯಿ, ಅವರು ಈಜಿ ಬಂದ್ರು ಅಂತ?”

“ಅವರು ಅಂದ್ರ ನಮ್ಮ ಅತ್ತಿಯವ್ರು!”

ಸಂಘಮಿತ್ರಾಳ ಜಂಬ ಜರ್‍ರನೆ ಇಳಿಯಿತು. ದುಂಡವ್ವನ ಬಾಯಲ್ಲಿ ಗಂಡನ ಹೆಸರೂ ಬಾರದು, ಅತ್ತೆಯದೂ ಬಾರದು. ಇಬ್ಬರೂ ಬರೀ ‘ಅವರು’. ಇಂಡಿ ಪಟ್ಟಣದ ಕಚೇರಿಯಲ್ಲಿ ಸಾಹೇಬನ ಕೂಡ ಜಗಳಾಡಿ ಊರಿಗೆ ಶಾಲೆ ತಂದ ‘ಅವರು’ ಕೂಡ ಅತ್ತೆಯೇ. ಮಾಸ್ತರರು ಆಮೇಲೆ ಬಂದು ಪಾಠ ಹೇಳಿದರು, ಅಷ್ಟೇ. ಹಾಗೇ ಅಚ್ಚು ಹಾಕಿಸಿದರೆ ಯಾರಿಗೆ ತಿಳಿದೀತು ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ. ತನಗೇ ನಾಚಿಕೆಯಾಯಿತು.

“ಮತ್ತ ಬರಿತೇನ್ರಿ. ಅವರ ಹೆಸರೇನು?”

ದುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಅತ್ತಿ ಹೆಸರು ತಗೋತಾರೇನ?”

ಬೇರೆಯವರನ್ನು ಕೇಳಿದರೆ, ಊರಿಗೆಲ್ಲ ಆಕೆ ‘ಮಾಸ್ತರನ ಅವ್ವ’.

“ಒಡಪಿನ್ಯಾಗ ಹೇಳ್ರಿ, ಮದವ್ಯಾಗ ಗಂಡನ ಹೆಸರು ಹೇಳಿದಂಗ.”

“ಅತ್ತಿಗೆ ಒಡಪು ಕಟ್ಟಿದ್ದು ಎಲ್ಲ್ಯರ ಕೇಳಿಯೇನು?” ಎಂದಳಾದರೂ ದುಂಡವ್ವನ ತುಟಿ ಆಗಲೇ ಏನೋ ಜೋಡಿಸುತ್ತಿತ್ತು. ಕೊನೆಗೆ ಮದುಮಗಳ ಹಾಗೆ ತಲೆ ತಗ್ಗಿಸಿ ಹೇಳಿದಳು:

“ಹೊಳಿ ತುಂಬಿ ಬಂದ್ರೂ ಅಂಜದಾಕಿ, ಎದಿಗಟ್ಟಿ ಅವ್ವ,
ನನಗ ಅಕ್ಷರ ಕಲಿ ಅಂದಾಕಿ, ನಮ್ಮತ್ತಿ ಶೆಟ್ಟೆವ್ವ.”

ಹೇಳಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಸಂಘಮಿತ್ರಾ ಪುಸ್ತಕದ ಹಳೆಯ ಹೆಸರಿನ ಮೇಲೆ ಗೀಟು ಎಳೆದಳು.

ಅವಳು ಪ್ರೆಸ್ಸಿಗೆ ಫೋನ್ ಹಚ್ಚಿದಳು. “ತಡೀರಿ, ಪುಸ್ತಕದ ಹೆಸರು ಬದಲಾಗೇತಿ.”

“ಏನಂತ ಬರಕೊಳ್ಳಲ್ರಿ ಮೇಡಂ?”

ಸಂಘಮಿತ್ರಾ ಫೋನನ್ನು ದುಂಡವ್ವನ ಕೈಗಿಟ್ಟಳು. ದುಂಡವ್ವ ಆಚೆಈಚೆ ನೋಡಿ, ಸೆರಗು ಸರಿಪಡಿಸಿಕೊಂಡು, ಈ ಸಲ ಒಡಪಿನ ಹಂಗಿಲ್ಲದೆ, ಓಣಿಗೆಲ್ಲ ಕೇಳುವಂತೆ ಹೇಳಿದಳು:

“ಶೆಟ್ಟೆವ್ವ!”