ಟೇಪು ಹಿಡಿಯದ ಕಾರು

ಹಗರಿಬೊಮ್ಮನಹಳ್ಳಿಯ ಮಂಜಣ್ಣನ ಅಂಗಡಿಯಲ್ಲಿ ಕಾರಿಗೆ ಹಚ್ಚುವ ವ್ಯಾಕ್ಸ್ ಮೂರು ನಮೂನೆಯದಿತ್ತು. ಚಿಮುಕಿಸುವುದೊಂದು, ಹಾಲಿನಂತೆ ಸುರಿಯುವುದೊಂದು, ಡಬ್ಬಿಯೊಳಗೆ ಗಟ್ಟಿಯಾಗಿ ಕೂತಿರುವುದೊಂದು. ಹುಲುಗೇಶ ಚಿಮುಕಿಸುವುದನ್ನೇ ಎತ್ತಿಕೊಂಡಿದ್ದ. ಸಲೀಸು, ಬೇಗ ಮುಗಿಯುತ್ತದೆ, ಇನ್ನೇನು ಬೇಕು? ಆದರೆ ಜೊತೆಗೆ ಹೆಂಡತಿ ನಾಗರತ್ನ ಬಂದಿದ್ದಳಲ್ಲ! ಒಂದೊಂದರ ಮುಚ್ಚಳ ತೆಗೆದು ಮೂಸಿ ನೋಡಿ, ಕೊನೆಗೆ ಗಟ್ಟಿ ಡಬ್ಬಿಯ ಮೇಲೆ ಬೆರಳಿಟ್ಟಳು.

"ಇದು ಘಮ್ ಅಂತೈತಿ. ಇದ ಇರಲಿ."

"ಲೇ, ಕಾರಿಗೆ ಹಚ್ಚೋದು, ಮುಖಕ್ಕಲ್ಲ."

"ಅಕ್ಕಾರು ಹೇಳೋದು ಖರೇನ ಐತ್ರಿ, ಗಟ್ಟೀದು ಬಾಳ ದಿನ ಹೊಳೀತೈತಿ," ಎಂದು ಮಂಜಣ್ಣ ಅವಳ ಕಡೆಗೇ ವಾಲಿದ. "ಆದ್ರ ತೆಳ್ಳಗ ಹಚ್ರಿ, ನೆಳ್ಳಾಗ ಹಚ್ರಿ. ಉಜ್ಜಾಕ ರಟ್ಟಿ ಗಟ್ಟಿ ಇರಬೇಕು ನೋಡ್ರಿ."

ರಟ್ಟೆ ಯಾರದು? ಹುಲುಗೇಶನದು. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಇಷ್ಟೆಲ್ಲ ಉಸಾಬರಿ ಯಾಕೆಂದರೆ ನಾಗರತ್ನಳ ತಮ್ಮ ಭರತನ ಮದುವೆ. ಹಿರೇಹಡಗಲಿಯ ಮನೆಯಿಂದ ಕೊಟ್ಟೂರಿನ ಕಲ್ಯಾಣ ಮಂಟಪಕ್ಕೆ ಮದುಮಗ ಅಕ್ಕನ ಕಾರಿನಲ್ಲೇ ಹೋಗಬೇಕೆಂದು ಅವಳು ಹಟ ಹಿಡಿದಿದ್ದಳು. "ಆ ತಗಡಿನ ಡಬ್ಬಿಯಾಗ?" ಎಂದಿದ್ದಳು ಅವಳ ಅವ್ವ ಉಚ್ಚಂಗೆಮ್ಮ, ಫೋನಿನ ಆ ಕಡೆ ಅಳಿಯನೂ ಕೇಳಿಸಿಕೊಳ್ಳುತ್ತಿದ್ದಾನೆಂದು ಗೊತ್ತಿದ್ದೂ. ಹಿಂದೊಮ್ಮೆ ತೊಟ್ಟಿಲ ಕಾರ್ಯಕ್ಕೆ ಹುಲುಗೇಶ ಗೊತ್ತುಮಾಡಿದ ಶಾಮಿಯಾನದವನು ಕೈಕೊಟ್ಟಿದ್ದ. ಅಳಿಯ ಕೈಹಾಕಿದ್ದೆಲ್ಲ ಕೆಡುತ್ತದೆ ಎಂದು ಅತ್ತೆ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು. ಕಾರು ಥಳಥಳ ಅಂದರೆ ಸರಿ, ಇಲ್ಲದಿದ್ದರೆ ಬಾಡಿಗೆ ಕಾರು ತರಿಸುತ್ತೇನೆ ಎಂದು ಭರತನೂ ಹೇಳಿದ್ದ. ಈ ಸಲವಾದರೂ ಆ ಮನೆಯವರ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ಹುಲುಗೇಶನಿಗೆ ಆಸೆ. ಹೇಳಿಕೊಳ್ಳಲು ನಾಚಿಕೆ, ಆದರೆ ಆಸೆ ಇದ್ದದ್ದು ನಿಜ.

ರವಿವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ತೊಳೆದು, ಒರಸಿ, ಸ್ಪಂಜಿನ ತುದಿಗೆ ಚೂರೇ ಚೂರು ವ್ಯಾಕ್ಸ್ ತಗೊಂಡು ಡಿಕ್ಕಿಯಿಂದ ಶುರುಮಾಡಿದ. ಹಚ್ಚಿದ್ದು ಮಸುಕಾಗಿ ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ, ಅಬ್ಬಾ, ಸತ್ತೇಹೋಗಿದ್ದ ನೀಲಿ ಬಣ್ಣಕ್ಕೆ ಜೀವ ಬಂತು. ಖುಷಿಯಿಂದ ಮೀಸೆ ತಿರುವಿಕೊಂಡು ಮುಂದಕ್ಕೆ ಬಂದು ನೋಡುತ್ತಾನೆ, ನಾಗರತ್ನ ಬಾನೆಟ್ಟಿನ ಮೇಲೆ ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿಯುತ್ತಿದ್ದಾಳೆ!

"ಏ ಏ ಏ! ತೆಳ್ಳಗ ಅಂದಿಲ್ಲೇನು ಅವ?"

"ಜುಗ್ಗತನ ಮಾಡಬ್ಯಾಡ್ರಿ. ನನ್ನ ತಮ್ಮನ ಲಗ್ನ."

ಇವರ ಜಗಳ ಮುಗಿಯುವಷ್ಟರಲ್ಲಿ ನೆರಳು ಅತ್ತ ಸರಿದು, ಬಾನೆಟ್ಟಿಗೆ ಬಿಸಿಲು ಬಿದ್ದು, ಬಳಿದದ್ದೆಲ್ಲ ಸುಣ್ಣದಂತೆ ಗಟ್ಟಿಯಾಯಿತು. ಹುಲುಗೇಶ ಹಲ್ಲು ಕಚ್ಚಿಕೊಂಡು ಉಜ್ಜಿದ. ನಾಗರತ್ನ ಪಕ್ಕದಲ್ಲಿ ನಿಂತು, "ಇಲ್ಲಿ ಉಳದೈತ್ರಿ, ಅಲ್ಲೂ ಉಳದೈತ್ರಿ," ಎಂದು ತೋರಿಸಿದಳು. ಅವಳ ಕೈಗೇ ಬಟ್ಟೆ ಕೊಟ್ಟು ಎದ್ದುಹೋಗಬೇಕು ಅನ್ನಿಸಿತು, ಹೋಗಲಿಲ್ಲ. ಸಂಜೆಗೆ ಭುಜ ಬಿದ್ದೇಹೋಯಿತು. ಕಾರು ಮಾತ್ರ ಹೊಳೆಯಿತು.

ಮದುವೆಯ ದಿನ ಬೆಳಿಗ್ಗೆ ಹಿರೇಹಡಗಲಿಯ ಮನೆಯ ಮುಂದೆ ಕಾರು ನಿಂತಿತ್ತು. ಹೂ ಮಾರುವ ಮೈಲಪ್ಪ ಹೂವಿನಹಡಗಲಿಯಿಂದ ಬುಟ್ಟಿಗಟ್ಟಲೆ ಮಲ್ಲಿಗೆ ತಂದಿದ್ದ. ಟೇಪು ಹರಿದು ಮೊದಲ ಮಾಲೆ ಅಂಟಿಸಿದ. ಅದು ಸರ್ರನೆ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಅಂಟಿಸಿದ, ಅದೂ ಬಿತ್ತು.

"ಅಲ್ರೀ, ಎಣ್ಣಿ ಗಿಣ್ಣಿ ಸವರೀರೇನು? ಟೇಪು ಹಿಡೀವಲ್ದು!"

"ವ್ಯಾಕ್ಸ್," ಎಂದ ಹುಲುಗೇಶ.

"ಹಾಳಾತು! ಹೂ ಕಟ್ಟೋ ಕಾರಿಗೆ ಯಾರಾರ ವ್ಯಾಕ್ಸ್ ಹಚ್ತಾರೇನ್ರಿ?"

ಕಟ್ಟೆಯ ಮೇಲೆ ಕೂತಿದ್ದ ಉಚ್ಚಂಗೆಮ್ಮ, "ನಾ ಮೊದಲ ಹೇಳಿದ್ದೆ," ಎಂದು ಗಾಳಿಗೆ ಹೇಳಿದಳು. ಭರತ ಬಾಡಿಗೆ ಕಾರಿನವನಿಗೆ ಫೋನು ಮಾಡಲು ಜೇಬಿಗೆ ಕೈಹಾಕಿದ. ಹುಲುಗೇಶನ ತಲೆ ಕೆಟ್ಟೇಹೋಯಿತು.

"ಫೋನು ಒಳಗಿಡೋ ಭರತ! ಒಬ್ರು ಹೊಳೀಬೇಕು ಅಂತೀರಿ, ಒಬ್ರು ಹೊಳೀಬಾರದು ಅಂತೀರಿ. ನನಗೇನು ಬ್ಯಾರೆ ಕೆಲಸ ಇಲ್ಲೇನು? ನಾಗರತ್ನ, ಪಾತ್ರಿ ತಿಕ್ಕೋ ಸೋಪು ತಾ!"

ಹೊಸ ಅಂಗಿಯ ತೋಳು ಮಡಚಿ, ತಾನೇ ತಂದ ಹೊಳಪನ್ನು ತಾನೇ ತೊಳೆಯಲು ನಿಂತ. ಅಳು ಬರುವಷ್ಟು ಸಿಟ್ಟು ಬಂದಿತ್ತು. ನಾಗರತ್ನ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಾನೆಟ್ಟಿನ ಕಡೆ ಹೋದಳು. "ದಪ್ಪ ಹಚ್ಚಿದಾಕಿ ನಾನ, ತೆಗೀತೀನಿ ಬಿಡ್ರಿ," ಎಂದಳು ಮೆಲ್ಲಗೆ. ಬಾನೆಟ್ಟು, ಚಾವಣಿ, ಡಿಕ್ಕಿ ಮುಗಿಸಿ ಬಾಗಿಲಿಗೆ ಬರುವಷ್ಟರಲ್ಲಿ ಮೈಲಪ್ಪ ತಡೆದ. "ಸಾಕ್ರಿ, ಬಾಗಲಕ್ಕ ಹೂ ಹಾಕಂಗಿಲ್ಲ."

ಈ ಸಲ ಟೇಪು ಗಟ್ಟಿಯಾಗಿ ಹಿಡಿಯಿತು. ಹೂವು ಏರುತ್ತಾ ಏರುತ್ತಾ, ಬಾಗಿಲುಗಳನ್ನು ಬಿಟ್ಟರೆ ಕಾರಿನ ಮೇಲೆ ಅಂಗೈಯಗಲ ಬಣ್ಣವೂ ಕಾಣದಂತಾಯಿತು. ಇಷ್ಟಕ್ಕೆ ವ್ಯಾಕ್ಸ್ ಬೇಕಿತ್ತೇ? ಕೆಸರಿನಲ್ಲಿ ಹೊರಳಿಸಿ ತಂದಿದ್ದರೂ ನಡೆಯುತ್ತಿತ್ತು! ನೆಂಟರು, ಓಣಿಯವರು ಬಂದು ಬಂದು ಮೈಲಪ್ಪನ ಕೈಗುಣ ಹೊಗಳಿದರು. ಹುಲುಗೇಶ ಒದ್ದೆ ಅಂಗಿ ಹಿಂಡಿಕೊಳ್ಳುತ್ತಾ ಒಬ್ಬನೇ ನಿಂತಿದ್ದ.

ಅಷ್ಟರಲ್ಲಿ ಭರತ ರುಮಾಲು ಸುತ್ತಿಕೊಂಡು ಹೊರಬಂದ. ಹೊಸ್ತಿಲು ದಾಟುವಾಗ ರುಮಾಲು ಓರೆಯಾಯಿತು. ಕಾರಿನ ಬಾಗಿಲ ಮುಂದೆ ಬಗ್ಗಿ, ಅದರಲ್ಲಿ ಕಂಡ ತನ್ನ ಮುಖ ನೋಡಿಕೊಂಡೇ ನೆಟ್ಟಗೆ ಮಾಡಿಕೊಂಡ. ಅವನ ಹಿಂದೆ ನಿಂತಿದ್ದ ಸೋದರತ್ತೆ ಪಕ್ಕೀರಮ್ಮ ಕುಂಕುಮ ಸರಿಮಾಡಿಕೊಂಡಳು. ಉಚ್ಚಂಗೆಮ್ಮನೂ ಕಟ್ಟೆ ಇಳಿದು ಬಂದು, ಸೆರಗು ಹೊದ್ದುಕೊಂಡು, ಅತ್ತ ಇತ್ತ ತಿರುಗಿ ನೋಡಿಕೊಂಡಳು. ಬುಟ್ಟಿಯಲ್ಲಿ ಉಳಿದಿದ್ದ ಮಲ್ಲಿಗೆಯನ್ನು ಬಾಗಿಲಿಗೂ ಹಾಕಿಬಿಡೋಣವೆಂದು ಮೈಲಪ್ಪ ಸೋಪಿನ ಬಕೆಟ್ಟು ಹಿಡಿದು ಬಂದ.

"ಏ ಮೈಲಪ್ಪ, ದೂರ ಸರಿ!" ಉಚ್ಚಂಗೆಮ್ಮ ಓಣಿಗೆಲ್ಲ ಕೇಳುವಂತೆ ಗದರಿದಳು. "ಬಾಗಲಕ್ಕ ಸೋಪು ಹಚ್ಚಿದೀ ಅಂದ್ರ ನೋಡು ಮತ್ತ. ನಮ್ಮ ಅಳಿಯಂದ್ರು ಬೆವರು ಸುರಿಸಿ ಉಜ್ಜ್ಯಾರ ಅದನ್ನ."

ಹುಲುಗೇಶ ಮಡಚಿದ್ದ ತೋಳು ಇಳಿಸಿಕೊಂಡ. ಸ್ಟೇರಿಂಗ್ ಮುಂದೆ ಹೋಗಿ ಕೂತು, "ಹತ್ರಿ, ಹತ್ರಿ, ಹೊತ್ತಾತು!" ಎಂದು ಎಲ್ಲರ ಮೇಲೂ ರೇಗಿದ.