ಬಣ್ಣ ಬಿಡುವ ಗುಳಿಗೆ

ಇಳಕಲ್ಲಿನಲ್ಲಿ ಲಕ್ಕವ್ವ ನೂಲಿಗೆ ಬಣ್ಣ ಹಾಕಿದಳೆಂದರೆ ಎರಡನೆಯ ಮಾತಿರಲಿಲ್ಲ. ಬಣ್ಣ ಕುಡಿದ ನೂಲಿನ ಲಡಿಯನ್ನು ತಿಳಿನೀರಿನ ಬೋಗುಣಿಯಲ್ಲಿ ಅದ್ದಿ ನೋಡುವಳು. ನೀರಿಗೆ ಬಣ್ಣ ಇಳಿಯಿತೋ, ನೂಲು ಹಿಡಿದಿಲ್ಲವೆಂದೇ ಅರ್ಥ, ಲಡಿ ಮೂಲೆಗೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವಳ ಅಂದಾಜು ತಪ್ಪಿರಲಿಲ್ಲ. ಆ ಜಂಬವೇ ಮುಳುವಾಯಿತು.

ಅವಳ ಗಂಡ ಶಿವಸಂಗಪ್ಪನಿಗೆ ಇಸವಿ ಎಪ್ಪತ್ತೆಂಟರ ಬೇಸಿಗೆಯಿಂದ ರಕ್ತಭೇದಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ನಾಲ್ಕು ಎಳೆ ಹಾಕುವುದರೊಳಗೆ ಹೊಟ್ಟೆ ಹಿಡಿದುಕೊಂಡು ಏಳಬೇಕು. ಬಾಗಲಕೋಟೆಯ ಡಾಕ್ಟರ್ ಅಂದಾನಪ್ಪನವರು ಪರೀಕ್ಷೆ ಮಾಡಿ, ದೊಡ್ಡ ಕರುಳಿನ ಒಳಮೈ ಹುಣ್ಣಾಗಿದೆ, ಏನೇ ಆದರೂ ಈ ಹಳದಿ ಗುಳಿಗೆ ಬಿಡಬೇಡಿ ಎಂದು ಹೇಳಿ ಕಳಿಸಿದರು. ಎರಡು ತಿಂಗಳಲ್ಲಿ ರಕ್ತ ನಿಂತಿತು. ಶಿವಸಂಗಪ್ಪ ಒಂದು ಇಡೀ ಸೀರೆ ನೇಯ್ದು ಇಳಿಸಿದ.

ಆದರೆ ಅವನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹೀಗಾಗುತ್ತದೆಂದು ಡಾಕ್ಟರು ಹೇಳಿದ್ದರೋ ಇಲ್ಲವೋ, ಲಕ್ಕವ್ವನ ಕಿವಿಗಂತೂ ಬಿದ್ದಿರಲಿಲ್ಲ. ಧೋತರ ಒಗೆಯುವಾಗ ಕಲೆ ಕಂಡಳು.

"ಇದು ಮೈಯಾಗ ಹಿಡಿಯೂ ಔಷಧ ಅಲ್ಲ. ಬಣ್ಣ ಎಲ್ಲಾ ಹೊರಗ ಹೋಗಾಕತ್ತೈತಿ," ಎಂದಳು.

ಬಣ್ಣದ ವಿಷಯದಲ್ಲಿ ಹೆಂಡತಿಗೆ ಎದುರಾಡುವ ಧೈರ್ಯ ಶಿವಸಂಗಪ್ಪನಿಗೆ ಎಂದೂ ಇರಲಿಲ್ಲ. ಹಳದಿ ಗುಳಿಗೆ ನಿಂತಿತು.

ಅದೇ ಹೊತ್ತಿಗೆ ಅವನ ಮೊಣಕಾಲು ಬಾತವು. ಲಕ್ಕವ್ವ ಕಿರಾಣಿ ಅಂಗಡಿಯಿಂದ ನೋವಿನ ಬಿಳಿ ಗುಳಿಗೆ ತಂದು ಕೊಟ್ಟಳು. ಒಂದು ತಾಸಿನಲ್ಲಿ ನೋವು ಮಾಯ, ಮೂತ್ರವೂ ತಿಳಿ. ಇದು ಹಿಡಿಯಿತು ಎಂದು ಹಿಗ್ಗಿ, ಹೊತ್ತಿಗೊಂದರಂತೆ ಮಜ್ಜಿಗೆಯ ಜೊತೆ ಕೊಡುತ್ತಾ ಹೋದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳಿಗೆ ತನ್ನ ಮನೆಯಲ್ಲಿ ಅದು ನೆನಪಾಗಲಿಲ್ಲ. ರಕ್ತ ಮರಳಿ ಕಂಡಾಗ ಉಷ್ಣವೆಂದು ಮಜ್ಜಿಗೆ ಹೆಚ್ಚಿಸಿದಳೇ ಹೊರತು ಗುಳಿಗೆ ನಿಲ್ಲಿಸಲಿಲ್ಲ. ಮೂರನೆಯ ತಿಂಗಳು ಅವನನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹುನಗುಂದದ ಮೇಲೆ ಬಾಗಲಕೋಟೆಗೆ ಒಯ್ಯಬೇಕಾಯಿತು.

ಅಂದಾನಪ್ಪನವರು ಬೈಯುವ ಸ್ವಭಾವದ ಮನುಷ್ಯ. ಅಂದು, ಬಣ್ಣ ಹೋಗುತ್ತದೆಂದು ಹಳದಿ ಗುಳಿಗೆ ನಿಂತದ್ದು, ಬಿಳಿ ಗುಳಿಗೆ ನುಂಗಿದ್ದು ಕೇಳಿಯೂ ಬೈಯಲಿಲ್ಲ. ಅದನ್ನು ಕಂಡೇ ಗಂಡ ಉಳಿಯುವುದಿಲ್ಲವೆಂದು ಲಕ್ಕವ್ವ ಹೆದರಿದಳು. ಅವರು ಬಿಡಿಸಿ ಹೇಳಿದರು: ಬಣ್ಣ ಹೋದರೆ ಔಷಧದ ಗುಣ ಹೋಯಿತೆಂದಲ್ಲ. ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯ ಹುಟ್ಟುತ್ತದೆ. ಬಾವು ಬಂದಲ್ಲಿ ನೋವೆಬ್ಬಿಸುವುದು ಅದೇ, ಕರುಳಿನ ಒಳಮೈ ಕಾಯುವುದೂ ಅದೇ. ಬಿಳಿ ಗುಳಿಗೆ ಅದು ಹುಟ್ಟುವುದನ್ನೇ ತಡೆಯಿತು. ಮೊಣಕಾಲು ಸುಮ್ಮನಾಯಿತು, ಹುಣ್ಣಾದ ಕರುಳು ಕಾವಲಿಲ್ಲದೆ ಉಳಿಯಿತು. ಹಳದಿ ಗುಳಿಗೆಯೂ ಅದೇ ದ್ರವ್ಯವನ್ನು ತಗ್ಗಿಸುತ್ತದೆಂದು ವೈದ್ಯದ ಪುಸ್ತಕಗಳಲ್ಲಿ ಬರೆಯುತ್ತಾರೆ.

"ಹಂಗಾದ್ರ ಅದು ಯಾಕ ಉಳಿಸ್ತು, ಇದು ಯಾಕ ಹಿಂಗ ಮಾಡ್ತ್ರಿ?"

"ಖರೆ ಹೇಳ್ಲೇನವಾ? ನನಗೂ ಪೂರಾ ಗೊತ್ತಿಲ್ಲ."

ಇಷ್ಟು ಓದಿದವರಿಗೇ ಗೊತ್ತಿಲ್ಲವೆಂದ ಮೇಲೆ ಇನ್ನು ಯಾರನ್ನು ಕೇಳುವುದು? ಮೂರು ದಿನ ಜೀವ ಹಿಡಿದರೆ ಹುಬ್ಬಳ್ಳಿಗೆ ಒಯ್ದು ಕೆಟ್ಟ ಕರುಳು ಕತ್ತರಿಸಿ ತೆಗೆಯಬಹುದು, ಈಗ ಈ ಮೈ ಬಸ್ಸಿನ ಕುಲುಕು ತಡೆಯದು ಎಂದು ಡಾಕ್ಟರು ಹೇಳಿದರು. ಹಳದಿ ಗುಳಿಗೆ ಬಿಡಿಸಿದವರು ಯಾರೆಂದು ಕೇಳಿದಾಗ ಲಕ್ಕವ್ವ ಬಾಯಿ ತೆರೆದಳು. ಅಷ್ಟರಲ್ಲಿ ಶಿವಸಂಗಪ್ಪ ಕಣ್ಣು ಬಿಟ್ಟ.

"ನಾನ ಬಿಟ್ಟೇನ್ರಿ. ಬ್ಯಾಡ ಬ್ಯಾಡ ಅಂತ ಆಕಿ ಭಾಳ ಹೇಳಿದ್ಲು."

ಸುಳ್ಳೆಂದು ಹೇಳುವ ಬದಲು ಅವಳು ಅವನ ಹೊದಿಕೆ ಸರಿಪಡಿಸಿದಳು. ಡಾಕ್ಟರು ಅವನ ಕಡೆಗೇ ನೋಡಿ ತಲೆಯಾಡಿಸಿ ಹೋದರು.

ಸಂಜೆಗೆ ಮೊಣಕಾಲಿನ ನೋವು ಮತ್ತೆ ಏರಿತು.

"ಆ ಬಿಳೀ ಗುಳಗಿ ಒಂದ ಕೊಡು," ಎಂದು ಅಂಗಲಾಚಿದ. "ಹ್ಯಾಂಗೂ ಹೋಗಾಂವ. ನೋವಿಲ್ದ ಹೋಗ್ತೇನಿ."

ಲಕ್ಕವ್ವ ಕೊಡಲಿಲ್ಲ. ಎರಡೂ ಕೈಯಿಂದ ಅವನ ಮೊಣಕಾಲು ಒತ್ತುತ್ತ ಕೂತಳು. ಒತ್ತಿದರೆ ಇನ್ನೂ ನೋಯುತ್ತದೆ, ಬಿಡು ಎಂದ. ಕೈ ತೆಗೆದಳು. ಆಮೇಲೆ ಆ ಕೈಗಳನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.