ಕುದಿಸಿ ಆರಿಸಿದ ನೀರು

ಬಚ್ಚಲುಮನೆಯ ನಲ್ಲಿ ಗೊರ್ ಎಂದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ವಿಜಯನಗರದ ಆ ಅಡ್ಡರಸ್ತೆಯಲ್ಲಿ ಆ ಬೇಸಿಗೆ ನೀರು ಬರುತ್ತಿದ್ದುದೇ ಹಾಗೆ. ಊರೆಲ್ಲ ಮಲಗಿದ ಮೇಲೆ ಮೊದಲು ಗಾಳಿ ಬರಬೇಕು, ಗಾಳಿಯ ಬೆನ್ನು ಹಿಡಿದು ನೀರು. ಕಲ್ಯಾಣಮ್ಮ ಎದ್ದು ಕೂತಳು. ನಿದ್ದೆಯಿಂದ ಎದ್ದಳು ಎನ್ನುವಂತಿಲ್ಲ. ಆ ಸದ್ದಿಗೇ ಕಿವಿಗೊಟ್ಟು ಮಲಗಿದ್ದಳು.

ಅವಳು ದೊಡ್ಡ ಪಾತ್ರೆಯನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಏರಿಸುತ್ತಿದ್ದಾಗ ಗಂಡ ಚನ್ನವೀರಪ್ಪ ಹೊದಿಕೆಯೊಳಗಿಂದಲೇ ಕೇಳಿದ.

"ಯುದ್ಧಕ್ಕೆ ಹೋಗೋರು ಹುಡುಗೀರು. ನೀನ್ಯಾಕೆ ದಂಡಿಗೆ ಅಡಿಗೆ ಮಾಡೋರ ಹಂಗೆ ಈ ಹೊತ್ತಲ್ಲಿ ಒಲೆ ಹಚ್ಚಿದೀಯ?"

"ಎಲ್ಲಾ ಕಡೆ ಕಾಮಾಲೆ ಅಂತಿದಾರೆ. ಅಲ್ಲಿ ಬಾವಿ ನೀರು ಕುಡಿಸಕ್ಕಾಗುತ್ತಾ?"

"ಹಂಗಾದ್ರೆ ಸೇನಾಧಿಪತಿಯ ಗಂಡನಿಗೂ ಒಂದು ಲೋಟ ಎತ್ತಿಡು" ಎಂದು ಅವನು ಮಗ್ಗುಲು ಬದಲಿಸಿದ.

ಕಲ್ಯಾಣಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಶಾಲೆಯ ಗೈಡ್ಸ್ ದಳವೂ ಅವಳ ಕೊರಳಿಗೇ ಬಿದ್ದಿತ್ತು. ಬೆಳಗಾದರೆ ಭಾನುವಾರ. ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟಿದ ಮೇಲೆ ಸಿಗುವ ನೀಲಗಿರಿ ತೋಪಿನಲ್ಲಿ ದಳದ ಯುದ್ಧದಾಟ. ಆಯುಧವೆಂದರೆ ಪೆಟ್ಲು. ಹೆಬ್ಬೆರಳು ಗಾತ್ರದ ಬಿದಿರ ಕೊಳವೆಯ ಎರಡು ತುದಿಗೂ ನೆನೆಸಿದ ಕಾಗದದ ಉಂಡೆ ತುರುಕಿ, ಹಿಂದಿನಿಂದ ಕೋಲು ಹಾಕಿ ತಳ್ಳಿದರೆ, ನಡುವೆ ಸಿಕ್ಕಿಕೊಂಡ ಗಾಳಿ ಮುಂದಿನ ಉಂಡೆಯನ್ನು ಪಟ್ ಎಂದು ಹಾರಿಸುತ್ತದೆ. ತಗುಲಿದರೆ ಇರುವೆ ಕಚ್ಚಿದಷ್ಟು ಉರಿ. ತಗುಲಿದವಳು ಔಟ್. ಶಾಲೆಯ ಜವಾನ ಹನುಮಯ್ಯ ಬಿದಿರು ತಂದು ಕೊಯ್ದು ಕೊಟ್ಟಿದ್ದ. "ಹೆಣ್ಮಕ್ಕಳ ಕೈಗೆ ಕೋವಿ ಯಾಕ್ರೀ?" ಎಂದ ಮುಖ್ಯೋಪಾಧ್ಯಾಯಿನಿ ಕಮಲಾಕ್ಷಮ್ಮನವರನ್ನು "ಗಾಳಿಯ ಒತ್ತಡದ ಪ್ರಾಯೋಗಿಕ ಪಾಠ, ಮೇಡಂ" ಎಂದು ಕಲ್ಯಾಣಮ್ಮ ಒಪ್ಪಿಸಿದ್ದಳು.

ಹಿಂದಿನ ಸಲ ದಸರೆಯ ರಜೆಯಲ್ಲಿ ಇದೇ ಆಟ ಆಡಿಸಿದಾಗ ಒಬ್ಬಳು ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದಳು. ಅವಳ ಬಾಟಲಿ ಖಾಲಿಯಿತ್ತು. ಅಂದರೆ ನೀರು ಕುಡಿದಿದ್ದಾಳೆ ಎಂದೇ ಎಲ್ಲರೂ ತಿಳಿದರು. ಆಮೇಲೆ ನೋಡಿದರೆ ಆ ನೀರೆಲ್ಲ ಕಾಗದದ ಉಂಡೆ ನೆನೆಸಲು ಹೋಗಿತ್ತು. ಅವಳೊಬ್ಬಳೇ ಅಲ್ಲ, ಯಾರೂ ಸರಿಯಾಗಿ ಕುಡಿದಿರಲಿಲ್ಲ. ಯಾಕೆಂದು ಕೇಳಿದರೆ ಎಲ್ಲರೂ ನೆಲ ನೋಡಿದರು. ಕೊನೆಗೆ ಬಾಯಿಬಿಟ್ಟವಳು ವಸುಂಧರಾ, ದಳದಲ್ಲಿ ಯಾರಿಗೂ ಹೆದರದ ಹುಡುಗಿ.

"ಕುಡಿದ್ರೆ ಆಮೇಲೆ ಎಲ್ಲಿಗ್ ಹೋಗೋದು ಮಿಸ್? ಒಂದು ಮರೆ ಇಲ್ಲ, ಏನಿಲ್ಲ. ನಮ್ಮಮ್ಮ ಹೇಳೇ ಕಳ್ಸಿರ್ತಾರೆ, ಹೊರಗಡೆ ಹೋದಾಗ ಗಂಟಲು ಒಣಗಿದ್ರೂ ಪರ್ವಾಗಿಲ್ಲ, ನೀರು ಮಾತ್ರ ಮುಟ್ಟಬೇಡ ಅಂತ."

ಕಲ್ಯಾಣಮ್ಮನ ತಾಯಿಯೂ ಅದನ್ನೇ ಹೇಳಿದ್ದರು. ದಾವಣಗೆರೆಯಿಂದ ಬೆಂಗಳೂರಿಗೆ ಕಾಲೇಜಿಗೆಂದು ಬಸ್ಸು ಹತ್ತಿದ ಪ್ರತಿ ಸಲವೂ ಅವಳು ಒಣಗಿದ ನಾಲಿಗೆಯಲ್ಲೇ ಬಂದು ಇಳಿದಿದ್ದಳು.

ಅದಕ್ಕೇ ಈ ಸಲ ಹೊಸ ಕಟ್ಟಳೆ ಮಾಡಿದ್ದಳು. ಉಂಡೆ ನೆನೆಸಲು ಬೇರೆ ಡಬ್ಬಿ. ವಿಸಿಲ್ ಊದಿದಾಗಲೆಲ್ಲ ಪ್ರತಿಯೊಬ್ಬಳೂ ಅವಳ ಕಣ್ಣೆದುರೇ ಕುಡಿಯಬೇಕು. ಬಂಡೆಯ ಹಿಂದೆ ಎರಡು ಮರಗಳಿಗೆ ತನ್ನ ಹಳೆಯ ವಾಯಿಲ್ ಸೀರೆ ಕಟ್ಟಿ ಮರೆ ಮಾಡಿಸುವುದು. ಎಲ್ಲವನ್ನೂ ಯೋಚಿಸಿದ್ದಳು. ಆದರೂ ನಿದ್ದೆ ಬಾರದಿದ್ದುದಕ್ಕೆ ಕಾರಣ ಯಶೋದಮ್ಮ.

ಯಶೋದಮ್ಮ ಮೂಡಲಪಾಳ್ಯದ ಬೆಟ್ಟಯ್ಯನ ಹೆಂಡತಿ. ಅವರ ಮಗಳು ಜಯಶೀಲಾ ಎಂಟನೆಯ ತರಗತಿ. ಮಾತು ಕಡಿಮೆ, ಅಳು ಬೇಗ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಯಶೋದಮ್ಮ ಗೇಟಿನ ಹತ್ತಿರ ಕಾದು ನಿಂತಿದ್ದರು.

"ಮೇಡಂನೋರೇ, ಮಗು ದೊಡ್ಡೋಳಾಗಿ ಇನ್ನೂ ಬ್ಯಾಸ್ಗೆ ಕಳ್ದಿಲ್ಲ. ಇವ್ರಪ್ಪ ಆವತ್ನಿಂದ ಸ್ಕೂಲ್ ಸಾಕು, ಸ್ಕೂಲ್ ಸಾಕು ಅಂತವ್ರೆ. ನಾನೇ ತಡ್ಕೊಂಡಿವ್ನಿ. ನಾಳಿಕೆ ಏನಾನ ಒಂದ್ ಮಾತು ಬಂತು ಅಂದ್ರೆ ನನ್ ಕೈಲಿ ತಡಿಯಕ್ಕಾಗಕಿಲ್ಲ."

"ನಾನಿದೀನಲ್ಲಮ್ಮ. ನನ್ನ ಕಣ್ಣು ತಪ್ಪಿಸಿ ಏನೂ ಆಗಲ್ಲ" ಎಂದಿದ್ದಳು ಕಲ್ಯಾಣಮ್ಮ. ಹಾಗೆಂದದ್ದೇ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಬೆಳಿಗ್ಗೆ ತೋಪಿನಲ್ಲಿ ತರಾವರಿ ಬಾಟಲಿಗಳ ಜಾತ್ರೆ. ಹನುಮಯ್ಯ ಕುದಿಸಿದ ನೀರಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿ ತುಳಿದುಕೊಂಡು ಬಂದಿದ್ದ. ವಸುಂಧರಾ ಹೆಗಲಿಗೆ ಹಾಕಿಕೊಂಡಿದ್ದು ಬಿಸಿನೀರಿನ ಶಾಖ ಕೊಡುವ ರಬ್ಬರ್ ಚೀಲ.

"ಏನೇ ಅದು? ನಿಮ್ಮಜ್ಜಿ ಸೊಂಟಕ್ಕೆ ಇಟ್ಕೊಳೋದಲ್ವಾ?" ಎಂದಳು ಒಬ್ಬಳು.

"ನಿನ್ ಬಾಟ್ಲಿ ನೀರು ಗುಬ್ಬಚ್ಚಿಗೂ ಸಾಲಲ್ಲ ಕಣೇ. ಇದು ಒಂಟೆ ಹೊಟ್ಟೆ."

"ರಬ್ಬರ್ ವಾಸ್ನೆ ಹೊಡಿಯುತ್ತೆ!"

"ಹೊಡೀಲಿ. ಶತ್ರುಗಳು ಕಸ್ಕೊಂಡು ಕುಡಿಯಲ್ಲ, ಅದೇ ಅನುಕೂಲ."

ಜಯಶೀಲಾಳದು ಶರಬತ್ತಿನ ಗಾಜಿನ ಸೀಸೆ. ಯಶೋದಮ್ಮ ಅದಕ್ಕೆ ಗೋಣಿ ಬಟ್ಟೆಯ ಅಂಗಿ ಹೊಲಿದು, ಹೆಗಲಿಗೆ ಲಾಡಿ ಕಟ್ಟಿದ್ದರು. "ಗೋಣಿ ಒದ್ದೆ ಮಾಡಿದ್ರೆ ಒಳಗಡೆ ತಣ್ಣಗಿರುತ್ತೆ ಮಿಸ್" ಎಂದಳು ಮೆಲ್ಲಗೆ. ಕಲ್ಯಾಣಮ್ಮ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದೊಂದು ಹೊಲಿಗೆಯೂ ಒತ್ತೊತ್ತಾಗಿ, ಸಮವಾಗಿ ಇತ್ತು.

ಎರಡು ಪಡೆ. ವಸುಂಧರಾಳ ಪಡೆಗೆ ಒಂದು ಕೆಂಪು ಕರವಸ್ತ್ರದ ಬಾವುಟ. ಕೊನೆಯ ವಿಸಿಲ್‌ವರೆಗೆ ಅದನ್ನು ಉಳಿಸಿಕೊಂಡರೆ ಅಥವಾ ಎದುರಾಳಿಗಳನ್ನೆಲ್ಲ ಹೊಡೆದರೆ ಅವರದೇ ಗೆಲುವು. ಬಾವುಟ ಕಾಯುವವರಲ್ಲಿ ವಿಸಿಲ್‌ಗೆ ಮೊದಲೇ ಅಡಗಿದ ಜಾಗ ಬಿಟ್ಟು ಎದ್ದವಳು ತಾನಾಗಿಯೇ ಔಟ್.

ಮೊದಲ ವಿಸಿಲ್‌ಗೆ ಎಲ್ಲರೂ ಓಡಿ ಬಂದರು. ಕಲ್ಯಾಣಮ್ಮ ಒಬ್ಬೊಬ್ಬಳ ಗಂಟಲನ್ನೇ ನೋಡುತ್ತ ನಿಂತಳು.

"ಜಯಶೀಲಾ, ಇನ್ನೂ ಕುಡಿ."

"ಸಾಕು ಮಿಸ್."

"ಸಾಕಲ್ಲ. ಬಾಟ್ಲಿ ಅರ್ಧಕ್ಕಿಳೀಬೇಕು."

ಹುಡುಗಿ ಕುಡಿದಳು. ಎರಡನೆಯ ವಿಸಿಲ್‌ಗೆ ಉಳಿದರ್ಧವನ್ನೂ ಕುಡಿದಳು. ಕುಡಿದು ಸೀರೆ ಕಟ್ಟಿದ ಕಡೆ ಒಮ್ಮೆ ನೋಡಿದಳು. ಅಲ್ಲಿ ಹುಡುಗಿಯರ ಸಾಲು ನಿಂತಿತ್ತು. ಅಷ್ಟರಲ್ಲಿ ವಸುಂಧರಾ "ಬಾರೇ, ಬಾವುಟ ಕಾಯೋರು ಯಾರು, ನಿಮ್ ತಾತನಾ?" ಎಂದು ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಕಲ್ಯಾಣಮ್ಮ ಅದನ್ನು ನೋಡಿದಳು. ಮುಂದಿನ ವಿಸಿಲ್‌ಗೆ ಇವಳನ್ನೇ ಮೊದಲು ಕಳಿಸಬೇಕು ಅಂದುಕೊಂಡಳು.

ಬಿಸಿಲು ನೆತ್ತಿಗೆ ಬಂತು. ಔಟಾದವರೆಲ್ಲ ಬಂದು ಮೇಡಂ ಸುತ್ತ ಕೂತರು. ವಸುಂಧರಾಳೂ ಕೆನ್ನೆಯ ಮೇಲೆ ಕಾಗದದ ಗುರುತು ಹೊತ್ತು ಬಂದು ಕೂತಳು.

"ನಮ್ಮ ಕಡೆ ಉಳಿದಿರೋದು ಅದೊಂದೇ ಅಳುಮುಂಜಿ ಮಿಸ್. ಅವರ ಕಡೆ ಇಬ್ರು. ಅವಳು ಅಲ್ಲಾಡದೇ ಇದ್ರೆ ಸಾಕು, ದೇವ್ರೇ, ಅಲ್ಲಾಡದೇ ಇರ್ಲಿ!"

ಜಯಶೀಲಾ ಲಂಟಾನದ ಪೊದೆಯೊಳಗೆ ಮಂಡಿಯೂರಿದ್ದಳು. ಎಲೆಗಳ ಸಂದಿಯಲ್ಲಿ ಕಲ್ಯಾಣಮ್ಮನಿಗೆ ಅವಳ ಮುಖ ಕಾಣುತ್ತಿತ್ತು. ತುಟಿ ಕಚ್ಚಿಕೊಂಡು, ತೊಡೆಗಳನ್ನು ಬಿಗಿಹಿಡಿದು, ಉಸಿರನ್ನು ಚೂರುಚೂರಾಗಿ ಬಿಡುತ್ತಿದ್ದಳು. ಆ ಮುಖ ಏನನ್ನು ತಡೆದುಕೊಂಡಿದೆಯೆಂದು ಕಲ್ಯಾಣಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಿಸಿಲ್ ತುಟಿಗೆ ಬಂತು. ಊದಿದರೆ ಆಟ ನಿಲ್ಲುತ್ತದೆ. ನಿಂತರೆ ಈ ಬಯಲಿನಲ್ಲಿ, ಇಷ್ಟು ಕಣ್ಣುಗಳ ಮುಂದೆ, ಅವಳು ಸೀರೆಯ ಮರೆಯವರೆಗೆ ಓಡಬೇಕು. ಊದದಿದ್ದರೆ? ಊದಲೋ ಬೇಡವೋ ಎನ್ನುವುದರಲ್ಲೇ ಹೊತ್ತು ಹೋಯಿತು.

ಎದುರಾಳಿಗಳಿಬ್ಬರೂ ಬಂಡೆ ಬಳಸಿ ಬಂದರು. ಪೊದೆಯಿಂದ ಪಟ್ ಎಂದಿತು. ಒಬ್ಬಳು ಹಣೆ ಹಿಡಿದುಕೊಂಡಳು. ಇನ್ನೊಬ್ಬಳು ಎಲ್ಲಿಂದ ಬಂತೆಂದು ತಿರುಗುವಷ್ಟರಲ್ಲಿ ಜಯಶೀಲಾ ಇನ್ನೊಂದು ಉಂಡೆ ತುರುಕಿ ತಳ್ಳಿದ್ದಳು. ಮತ್ತೆ ಪಟ್.

ತೋಪೆಲ್ಲ ಕಿರುಚಿತು. ಆದರೆ ಗೆದ್ದವಳು ಏಳಲಿಲ್ಲ. ಪೊದೆಯಿಂದ ಅರ್ಧ ಹೊರಗೆ ಬಂದವಳು ಹಾಗೇ ನೆಲಕ್ಕೆ ಕುಸಿದು ಕೂತು, ಲಂಗವನ್ನು ಎರಡು ಕೈಯಲ್ಲಿ ಮುದುಡಿ ಹಿಡಿದುಕೊಂಡಳು. ತಿಳಿನೀಲಿ ಲಂಗ. ಒಂದು ಹನಿ ಬಿದ್ದರೂ ಕಪ್ಪಾಗಿ ಕಾಣುವ ಬಣ್ಣ; ಹಿಡಿದ ಕೈಗಳ ಕೆಳಗೆ ಒದ್ದೆ ಹರಡುತ್ತಿತ್ತು.

"ಎತ್ಕೊಳ್ರೇ ಅವಳನ್ನ! ಹೆಗಲ ಮೇಲೆ ಕೂರ್ಸ್ಕೊಳಣ!" ಎಂದು ವಸುಂಧರಾ ಎದ್ದಳು.

ಹದಿಮೂರು ವರ್ಷದವಳಿಗೆ ಶಾಲೆಯಲ್ಲಿ ಬೀಳುವ ಅಡ್ಡಹೆಸರು ಮದುವೆಯವರೆಗೂ ಹಿಂದೆ ಬರುತ್ತದೆ. ಇಲ್ಲಿ ಹೆಸರಷ್ಟೇ ಅಲ್ಲ, ಬೆಟ್ಟಯ್ಯನ ಕಿವಿಗೆ ಬಿದ್ದರೆ ಶಾಲೆಯೇ ಇಲ್ಲ. ಕಲ್ಯಾಣಮ್ಮ ಇದನ್ನೆಲ್ಲ ಯೋಚಿಸಿದಳೋ ಇಲ್ಲವೋ, ಕಾಲು ಆಗಲೇ ಓಡುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾರಿಯಲ್ಲಿ ಸೈಕಲ್ಲಿನ ಪಕ್ಕದಲ್ಲಿದ್ದ ಕ್ಯಾನನ್ನು ಎತ್ತಿಕೊಂಡು, ಹುಡುಗಿಯರಿಗಿಂತ ಮೊದಲು ಪೊದೆ ಮುಟ್ಟಿ, ಜಯಶೀಲಾಳ ತಲೆಯ ಮೇಲೆ ದಬದಬ ನೀರು ಸುರಿದಳು.

"ಗೆದ್ದೋಳಿಗೆ ಅಭಿಷೇಕ!" ಎಂದು ಕೂಗಿದಳು. ಆ ಕೂಗು ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಹುಡುಗಿಯರು ಬಾಯಿ ತೆರೆದು ನಿಂತರು. ಕಲ್ಯಾಣಮ್ಮ ಮಿಸ್? ನಲ್ಲಿ ತೊಟ್ಟಿಕ್ಕಿದರೆ ಪಾಠ ನಿಲ್ಲಿಸಿ ಹೋಗಿ ತಿರುಪಿ ಬರುವ ಮಿಸ್? ಅವರು ಸುಧಾರಿಸಿಕೊಳ್ಳುವ ಮೊದಲೇ ಅವಳು ಉಳಿದ ನೀರನ್ನು ವಸುಂಧರಾಳ ಮೇಲೆ ಎರಚಿದಳು. ಅಷ್ಟು ಸಾಕಾಯಿತು. ಒಂಟೆ ಹೊಟ್ಟೆ ಬಾಯಿ ಬಿಚ್ಚಿತು. ಬಾಟಲಿಗಳು, ಉಂಡೆ ನೆನೆಸುವ ಡಬ್ಬಿ, ಯಾವುದೂ ಉಳಿಯಲಿಲ್ಲ. ಒಬ್ಬಳೂ ಒಣ ಲಂಗದಲ್ಲಿ ಇರಲಿಲ್ಲ.

ಆ ಗಲಾಟೆಯ ನಡುವೆ ಜಯಶೀಲಾ ತಲೆಯೆತ್ತಿದಳು. "ಮಿಸ್..."

"ಏಳು ಮರಿ. ನೋಡು, ಎಲ್ಲಾರೂ ಒದ್ದೆಯಾಗಿದೀವಿ."

ಹುಡುಗಿ ಕೈ ಚಾಚಿದಳು. ಎದ್ದ ಮೇಲೂ ಕಲ್ಯಾಣಮ್ಮನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

"ಅಲ್ಲಾ ಮಿಸ್ಸೇ" ಎಂದ ಹನುಮಯ್ಯ ಖಾಲಿ ಕ್ಯಾನ್ ಎತ್ತಿ ನೋಡುತ್ತ, "ಬಾವಿ ನೀರು ಮುಟ್ಟಂಗಿಲ್ಲ ಅಂತ ನೀವೇ ಹೇಳಿದ್ರಿ. ಏರಲ್ಲಿ ತುಳ್ದು ತುಳ್ದು ನನ್ ಮೀನಖಂಡ ಬಿದ್ದೋಯ್ತು. ಈಗ ಕುದ್ಸಿದ್ ನೀರಲ್ಲಿ ಓಕುಳಿ ಆಡ್ತೀರಲ್ಲ!"

"ತಪ್ಪಾಯ್ತು ಹನುಮಯ್ಯ."

"ಮೇಡಂನೋರೇ ತಪ್ಪಾಯ್ತು ಅಂದ್ಮೇಲೆ ನಾನಿನ್ಯಾರನ್ನ ಬಯ್ಲಿ?"

ಬಸ್ ಸ್ಟಾಪಿನ ದಾರಿಯಲ್ಲಿ ಎಲ್ಲರಿಗೂ ಬಾಯಾರಿತು. ತೋಟದ ಪಂಪ್‌ಸೆಟ್ಟಿನ ಹತ್ತಿರ ಹುಡುಗಿಯರು ನಿಂತು ಕಲ್ಯಾಣಮ್ಮನ ಮುಖ ನೋಡಿದರು. ಬೇಡ ಎನ್ನುವ ಬಾಯಿ ಅವಳಿಗೆ ಇನ್ನು ಉಳಿದಿರಲಿಲ್ಲ. ಅವರು ಬೊಗಸೆಯೊಡ್ಡಿ ಕುಡಿಯುವಾಗ ಪ್ರತಿ ಗುಟುಕನ್ನೂ ಅವಳು ಎಣಿಸುತ್ತ ನಿಂತಳು. ಆಮೇಲೆ ಎಷ್ಟೋ ದಿನ ಪಾಠ ಮಾಡುತ್ತ ಮಾಡುತ್ತ ಅವರ ಕಣ್ಣಿನ ಬಿಳಿ ಹಳದಿಯಾಗಿದೆಯೇ ಎಂದು ನೋಡುವುದೇ ಅವಳಿಗೆ ಕೆಲಸವಾಯಿತು. ಯಾರಿಗೂ ಏನೂ ಆಗಲಿಲ್ಲ.

ಸೋಮವಾರ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಯಶೋದಮ್ಮ ಆಗಲೇ ಕೂತಿದ್ದರು.

"ನನ್ ಕಣ್ಣು ತಪ್ಪಿಸಿ ಏನೂ ಆಗಲ್ಲ ಅಂದ್ರಲ್ಲ ಮೇಡಂನೋರೇ, ನೀವೇ ಮಗೀನ ತಲೆ ಮ್ಯಾಲೆ ನೀರು ಹುಯ್ದ್ರಂತೆ? ಒದ್ದೆ ಬಟ್ಟೇಲಿ ಬಸ್ಸಲ್ಲಿ ಕೂರ್ಸ್ಕೊಂಡು ಬಂದ್ರಂತೆ? ನೆಗಡಿ ಹಿಡ್ದು ಮಲ್ಗವ್ಳೆ."

ಕಮಲಾಕ್ಷಮ್ಮನವರು ಕನ್ನಡಕ ತೆಗೆದಿಟ್ಟರು. "ಬೇರೆ ಯಾರಾದ್ರೂ ಆಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ನೀವು! ಏನಾಯ್ತು ಹೇಳಿ. ಕಾರಣ ಇಲ್ದೆ ನೀವು ಹಿಂಗೆ ಮಾಡೋರಲ್ಲ."

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಇಬ್ಬರು ಹೆಂಗಸರಿಗೂ ಅರ್ಥವಾಗುತ್ತಿತ್ತು. ಆದರೆ ಕಿಟಕಿಯಾಚೆ ಹನುಮಯ್ಯ ಗಿಡಕ್ಕೆ ನೀರು ಹಾಕುತ್ತಿದ್ದ; ಸ್ಟಾಫ್ ರೂಮಿಗೂ ಈ ಕೋಣೆಗೂ ನಡುವೆ ಇದ್ದುದು ಒಂದು ಬೀರು; ಯಶೋದಮ್ಮ ಮನೆಗೆ ಹೋದರೆ ಬೆಟ್ಟಯ್ಯನಿದ್ದ.

"ಕಾರಣ ಏನಿಲ್ಲ ಮೇಡಂ. ಸೆಕೆ ಇತ್ತು. ಹುಡುಗೀರ ಜೊತೆ ನಾನೂ ಹುಡುಗಾಟ ಆಡ್ಬಿಟ್ಟೆ."

"ಹಾಗಾದ್ರೆ ಈ ವರ್ಷ ಇನ್ನು ಹೊರಗಡೆ ಆಟ ಬೇಡ" ಎಂದರು ಕಮಲಾಕ್ಷಮ್ಮ, ನಿರಾಶೆಯಿಂದ.

ಹೊರಗೆ ಜಗಲಿಯಲ್ಲಿ ಕಲ್ಯಾಣಮ್ಮ ಯಶೋದಮ್ಮನನ್ನು ತಡೆದಳು. "ಸ್ಕೂಲಿಗೆ ಕಳಿಸ್ತೀರಲ್ವಾಮ್ಮ?"

"ಕಳಿಸ್ದೆ ಏನ್ ಮಾಡ್ಲಿ?" ಯಶೋದಮ್ಮನ ಸಿಟ್ಟು ಸ್ವಲ್ಪ ಸಡಿಲಿತ್ತು. "ಮೂಗಲ್ಲಿ ನೀರು ಸುರಿಸ್ಕೊಂಡು ನಾನೇ ಗೆದ್ದಿದ್ದು, ನಾನೇ ಗೆದ್ದಿದ್ದು ಅಂತವ್ಳೆ. ಅವ್ರಪ್ಪನ ಬೆನ್ನಿಗೂ ಪೆಟ್ಲಲ್ಲಿ ಹೊಡೆದ್ಲು. ಅವ್ರು ನಕ್ಬಿಟ್ರು. ನಗಿಸಿದೋರು ಯಾರೂ ಇರ್ಲಿಲ್ಲ ಅವ್ರನ್ನ."

ಸಂಜೆ ಚನ್ನವೀರಪ್ಪ ಕಾಫಿ ಲೋಟ ಹಿಡಿದು ಕೇಳಿದ. "ಏನ್ ಸೇನಾಧಿಪತಿ, ಸೋತು ಬಂದೋರ ಹಂಗೆ ಕೂತಿದೀಯ? ನಿನ್ನೆ ನೆಂದು ತೊಪ್ಪೆಯಾಗಿ ಬಂದೆ, ಕೇಳಿದ್ರೆ ಬಾಯಿ ಬಿಡಲಿಲ್ಲ. ಇವತ್ತಾದ್ರೂ ಹೇಳು."

ಅವನು ಒಳ್ಳೆಯವನು. ಕೇಳಿ ಮರುಕಪಡುತ್ತಿದ್ದ, ಮತ್ತೊಬ್ಬರ ಮುಂದೆ ಆಡುತ್ತಿರಲಿಲ್ಲ. ಆದರೆ ಎಂದಾದರೂ ಆ ಹುಡುಗಿ ಬಾಗಿಲಿಗೆ ಬಂದು "ಮಿಸ್ ಇದಾರಾ ಅಂಕಲ್?" ಎಂದಾಗ, ಅವನ ನೋಟದಲ್ಲಿ ಆ ಮರುಕ ಒಂದು ಚೂರು ಹೆಚ್ಚಾಗಿ ಕಂಡರೆ? ಹುಡುಗಿಗೆ ಅಷ್ಟೇ ಸಾಕು, ಗೊತ್ತಾಗಿಬಿಡುತ್ತದೆ. ಅವನಿಗೂ ಹೇಳುವುದು ಬೇಡ. ಯಾರಿಗೂ ಬೇಡ. ಆ ಹುಡುಗಿಯ ಹತ್ತಿರವೂ ತಾನಾಗಿ ಎತ್ತುವುದು ಬೇಡ.

"ಏನಿಲ್ಲ ರೀ, ಸೆಕೆ ಇತ್ತು" ಎಂದು ಕಲ್ಯಾಣಮ್ಮ ಎದ್ದು, ಅವನ ಖಾಲಿ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು.